ಟೇಬಲ್ಲಿನ ನಡುವಿನ ತಂಬಿಗೆ

ಮೊನ್ನೆ ಅಣ್ಣನ ಮೊಮ್ಮಗನ ಮನೆಗೆ ಊಟಕ್ಕೆ ಹೋಗಿದ್ದೆ. ಮನೆ ಹೊಸದು, ಊಟದ ಟೇಬಲ್ ಹೊಸದು, ಮೊಮ್ಮಗನ ಹೆಂಡತಿಯೂ ಹೊಸಬಳು. ಟೇಬಲ್ಲಿನ ನಡುವೆ ಆ ಹುಡುಗಿ ಗಾಜಿನ ಎತ್ತರದ ಹೂದಾನಿ ಇಟ್ಟಿದ್ದಳು. ಅದರಲ್ಲಿ ಸೇವಂತಿಗೆ, ಸಂದಿಯಲ್ಲಿ ಹಸಿರು ಜೋಳದ ತೆನೆ. ತೆನೆಯ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಎರಡೂ ಕೈ ತಾವಾಗಿಯೇ ಜೋಡಿಯಾದವು.

"ಯಾಕ್ರಿ ಅಜ್ಜಿ, ಯಾರಿಗೆ ನಮಸ್ಕಾರ ಮಾಡಾಕತ್ತೀರಿ?" ಎಂದಳು ಹುಡುಗಿ.

ಎದುರಿಗೆ ಕೂತಿದ್ದ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಗೊಳ್ಳನೆ ನಕ್ಕದ್ದು ಕೇಳಿಸಿತು. ಮುಖ ಮಾತ್ರ ಕಾಣಲಿಲ್ಲ. ನಮ್ಮಿಬ್ಬರ ನಡುವೆ ಹೂವಿತ್ತು.

ಆ ನಗುವಿನ ಮೂಲ ತಿಳಿಯಬೇಕಾದರೆ ನೀವು ನನ್ನ ಜೊತೆ ವಿಜಯಪುರದ ಇಬ್ರಾಹಿಂಪುರದಲ್ಲಿದ್ದ ನಮ್ಮ ಹಳೆಯ ಬಾಡಿಗೆ ಮನೆಗೆ ಬರಬೇಕು. ಅರವತ್ತರ ದಶಕ ಆಗತಾನೇ ಶುರುವಾಗಿತ್ತು. ವಿಜಯಪುರವನ್ನು ಎಲ್ಲರೂ ಬಿಜಾಪುರ ಎನ್ನುತ್ತಿದ್ದ ಕಾಲ. ಮನೆಯ ಹಿಂದೆಯೇ ರೈಲು ಹಳಿ. ಗಾಡಿ ಹೋದಾಗಲೆಲ್ಲ ಅಡುಗೆಮನೆಯ ಪಾತ್ರೆಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದವು. ಅಣ್ಣ ಕಚೇರಿಯೊಂದರಲ್ಲಿ ಗುಮಾಸ್ತ. ನಾನು ನಮ್ಮೂರು ಟಿಕೋಟಾದಿಂದ ಬಂದು ಅವನ ಮನೆಯಲ್ಲಿದ್ದುಕೊಂಡು ಶಿಕ್ಷಕಿಯಾಗಲು ತರಬೇತಿ ಪಡೆಯುತ್ತಿದ್ದೆ. ಆ ದಿನಗಳಲ್ಲಿ ಕಲಿತದ್ದಕ್ಕಿಂತ ಉಂಡದ್ದೇ ಹೆಚ್ಚು, ಉಂಡದ್ದಕ್ಕಿಂತ ಹಸಿದು ಕಾದದ್ದು ಇನ್ನೂ ಹೆಚ್ಚು. ಅದೇ ಈ ಕಥೆ.

ಸ್ಟೇಷನ್ ರಸ್ತೆಯಲ್ಲಿ ವರ್ಗವಾಗಿ ಹೊರಟ ಸಾಹೇಬರೊಬ್ಬರು ಮನೆಯ ಸಾಮಾನು ಹರಾಜು ಹಾಕಿದರು. ಅಣ್ಣ ಕೊಡೆಯೊಂದು ಸಿಕ್ಕೀತೆಂದು ಹೋದವನು ಕೈಗಾಡಿಯ ಮೇಲೆ ಊಟದ ಟೇಬಲ್ ಹೇರಿಸಿಕೊಂಡು ಬಂದ. ಜೊತೆಗೆ ಎರಡೇ ಕುರ್ಚಿ. ಬಾಗಿಲಿಗೆ ಟೇಬಲ್ ಹಿಡಿಸಲಿಲ್ಲ. ಚೌಕಟ್ಟಿನ ಒಂದು ಪಟ್ಟಿ ಕಿತ್ತು ಒಳಗೆ ತಂದದ್ದಾಯಿತು. ಆ ಪಟ್ಟಿಯನ್ನು ಮತ್ತೆ ಹೊಡೆಯಲು ಅಣ್ಣನಿಗೆ ಪುರಸೊತ್ತು ಸಿಗಲೇ ಇಲ್ಲ. ಅಂದಿನಿಂದ ಅವನು ಕುರ್ಚಿಯ ಮೇಲೆ ಕೂತು ಉಣ್ಣತೊಡಗಿದ, ಆದರೆ ಚಕ್ಕಳಮಕ್ಕಳ ಹಾಕಿಕೊಂಡು. ಕಾಲು ಕೆಳಗೆ ಬಿಟ್ಟರೆ ಉಂಡದ್ದೆಲ್ಲ ಕಾಲಿಗೆ ಇಳಿಯುತ್ತದೆಂದು ಅವನ ನಂಬಿಕೆ.

ಟೇಬಲ್ ಬಂದರೂ ಊಟದ ಪದ್ಧತಿ ಬದಲಾಗಲಿಲ್ಲ. ಮೊದಲು ಗಂಡಸರು. ಅಣ್ಣನಿಗೆ ರೊಟ್ಟಿ ಹಂಚಿನಿಂದ ನೇರವಾಗಿ ತಾಟಿಗೆ ಬೀಳಬೇಕು, ಒಂದು ಮುಗಿಯುವ ಹೊತ್ತಿಗೆ ಇನ್ನೊಂದು. ಅವನು ಕೈ ತೊಳೆದ ಮೇಲೆ ನಾನೂ ವೈನಿಯೂ ಒಲೆಯ ಪಕ್ಕ ನೆಲದ ಮೇಲೆ ಕೂತು ತಣ್ಣಗಾದದ್ದನ್ನು ಉಣ್ಣುವುದು. ಎಣಗಾಯಿಯಲ್ಲಿ ಆಗ ಬದನೆಕಾಯಿ ಉಳಿದಿರುತ್ತಿರಲಿಲ್ಲ, ಅದರ ನೆನಪಿನ ಮಸಾಲೆ ಉಳಿದಿರುತ್ತಿತ್ತು.

ವೈನಿ ಬಬಲೇಶ್ವರದ ಒಕ್ಕಲುತನದ ಮನೆಯ ಮಗಳು. ಮಾತು ಕಡಿಮೆ, ಹಟ ಜಾಸ್ತಿ. ಒಮ್ಮೆ ಕೆಮ್ಮಿಗೆ ಔಷಧಿ ತರಲು ಸ್ಟೇಷನ್ ರಸ್ತೆಯ ಡಾಕ್ಟರ ಮನೆಗೆ ಹೋದಾಗ, ಒಳಬಾಗಿಲಿನಿಂದ ಅವರ ಮನೆಯವರು ಉಣ್ಣುವುದನ್ನು ಕಂಡು ಬಂದಳು. ಡಾಕ್ಟರು, ಹೆಂಡತಿ, ಮಕ್ಕಳು, ಎಲ್ಲರೂ ಒಂದೇ ಟೇಬಲ್ಲಿನ ಸುತ್ತ. ನಡುವೆ ಹೂವು. ಕೆಮ್ಮು ಎರಡು ದಿನದಲ್ಲಿ ಹೋಯಿತು, ಆ ನೋಟ ಹೋಗಲಿಲ್ಲ.

"ಅದೆಲ್ಲಾ ಹೂವಿಂದ ಆಟ ನೋಡು" ಎಂದು ನನಗೆ ಹೇಳಿದಳು. "ನಡುವ ಹೂವು ಇಟ್ರ ಸುತ್ತೂ ಮಂದಿ ಕುಂದ್ರಬೇಕಾಗತೈತಿ. ಒಂದ ಕಡೆ ಒಬ್ಬಾಂವ ಕುಂತ್ರ ಆ ಹೂವಿಗೆ ಅರ್ಥ ಇರಂಗಿಲ್ಲ."

ತರಬೇತಿಯಲ್ಲಿ ಮನಶ್ಶಾಸ್ತ್ರ ಓದುತ್ತಿದ್ದ ನನಗೂ ಈ ವಾದದಲ್ಲಿ ತಪ್ಪು ಕಾಣಲಿಲ್ಲ. ಬಿಸಿ ಎಣಗಾಯಿಯ ಆಸೆ ಇದ್ದವರಿಗೆ ತಪ್ಪುಗಳು ಬೇಗ ಕಾಣುವುದಿಲ್ಲ.

ಮೊದಲು ಇಟ್ಟದ್ದು ಬೇವಿನ ಹೂವು, ಬೇಸಿಗೆಯಲ್ಲಿ ಬೇರೇನು ಸಿಗುತ್ತದೆ. ಹರಳೆಣ್ಣೆಯ ಖಾಲಿ ಸೀಸೆಯಲ್ಲಿ ಗೊಂಚಲು ಚೆಂದ ಕಾಣುತ್ತಿತ್ತು. ಅಣ್ಣ ಮಜ್ಜಿಗೆ ಎತ್ತಿದ. ಫ್ಯಾನಿಲ್ಲದ ಮನೆ, ಕಿಟಕಿಯ ಗಾಳಿ. ಅರ್ಧ ಗೊಂಚಲು ಮಜ್ಜಿಗೆಗೆ ಇಳಿದಿತ್ತು. "ಯುಗಾದಿ ಹೋಗಿ ಯಾವ ಕಾಲ ಆತು, ಇನ್ನೂ ಬೇವು ತಿನಸಾಕತ್ತೀಯಲ್ಲ" ಎಂದ. ಮಳೆಗಾಲದಲ್ಲಿ ಗುಲಬಾಕ್ಷಿ ಇಟ್ಟಳು. ಅದು ಸಂಜೆ ಅರಳುವ ಹೂವು, ಅಣ್ಣ ಕಚೇರಿಗೆ ಹೋಗುವ ಮುಂಚೆ ಉಣ್ಣುವವನು. ಇಡೀ ಶ್ರಾವಣ ಅವನು ನಿದ್ದೆ ಹೋದ ಹೂವಿನ ಮುಂದೆ ಉಂಡ. ದೀಪಾವಳಿಗೆ ಚೆಂಡು ಹೂವು ಬಂತು, ಅದರ ಜೊತೆ ಇರುವೆಗಳ ಸಂಸಾರವೂ ಬಂದು ಬೆಲ್ಲದ ಡಬ್ಬಿಯಲ್ಲಿ ನೆಲೆಸಿತು. ಮಧ್ಯೆ ಒಂದು ದಿನ ಗೂಡ್ಸ್ ಗಾಡಿ ಹೋದ ರಭಸಕ್ಕೆ ಸೀಸೆ ಉರುಳಿ ಅಣ್ಣನ ತಾಟೇ ಕೆರೆಯಾಯಿತು.

ಇಷ್ಟಾದರೂ ಅಣ್ಣ ಸಿಟ್ಟಾಗಲಿಲ್ಲ, ಅಷ್ಟು ಒಳ್ಳೆಯವನು. ವೈನಿ ಧೈರ್ಯ ಮಾಡಿ, "ನಾವೂ ಇಲ್ಲೇ ಕುಂತ್ರ ಹೆಂಗ್ರಿ?" ಎಂದು ಕೇಳಿದಾಗ, "ಕುಂದ್ರಾಕ ಬ್ಯಾಡ ಅಂದವರ್ಯಾರು? ಆದರ ಎಲ್ಲಾರೂ ಕುಂತ್ರ ರೊಟ್ಟಿ ಬಡಿಯೋರು ಯಾರು?" ಎಂದ. ವೈನಿ ಮತ್ತೆ ಒಲೆಯ ಮುಂದೆ ಹೋಗಿ ಕೂತಳು.

ಅಷ್ಟರಲ್ಲಿ ಟಿಕೋಟಾಕ್ಕೆ ಸುದ್ದಿ ಮುಟ್ಟಿತ್ತು. ಯಾರೋ ಪುಣ್ಯಾತ್ಮರು ನಮ್ಮ ಅವ್ವನಿಗೆ, "ನಿನ್ನ ಮಗ ಅಟ್ಟದ ಮ್ಯಾಲೆ ಹತ್ತಿ ಉಣ್ಣಾಕತ್ತಾನಂತ" ಎಂದು ಹೇಳಿದ್ದರು. ನೆಲ ಬಿಟ್ಟು ಉಂಡರೆ ಅನ್ನ ದಕ್ಕುವುದಿಲ್ಲ ಎನ್ನುವವಳು ಅವ್ವ. ಎಳ್ಳಮಾಸಿ ಹಬ್ಬ ಮುಗಿಸಿಕೊಂಡು ಬಂದು ಆ ಅಟ್ಟವನ್ನು ಅಂಗಳಕ್ಕೆ ಎಸೆಯುತ್ತೇನೆಂದು ಹೇಳಿ ಕಳಿಸಿದಳು.

ವೈನಿಯ ಮುಖ ಬಿಳಿಚಿಕೊಂಡಿತು. ಟೇಬಲ್ ಹೋದರೆ ಆಸೆಯೂ ಹೋದಂತೆ. ಅವ್ವ ಬರುವ ದಿನ ಬೆಳಗಾಗೆದ್ದು, ಇದ್ದುದರಲ್ಲಿ ಚೆಂದದ ಹೂವು ಇಟ್ಟು ಅತ್ತೆಯ ಮನಸ್ಸು ಗೆಲ್ಲಲು ಹೊರಟಳು. ಅವಳ ತವರಿನಿಂದ ಬಂದಿದ್ದ ಹಸಿರು ಜೋಳದ ತೆನೆ, ಹಳದಿ ಕುಸುಬಿ, ನೀಲಿ ಅಗಸಿ ಹೂವು ಮನೆಯಲ್ಲಿದ್ದವು. ಗಾಡಿ ಹೋದರೂ ಉರುಳಬಾರದೆಂದು ಈ ಸಲ ಭಾರವಾದ ತಾಮ್ರದ ತಂಬಿಗೆ ತೆಗೆದುಕೊಂಡಳು. ನಾನು ಹುಣಸೆ ಹಚ್ಚಿ ತಿಕ್ಕಿ ಫಳಫಳ ಮಾಡಿದೆ. ಅದು ಅಲುಗದಿರಲೆಂದು ತಾಟಿನಲ್ಲಿ ಜೋಳ ಸುರಿದು ಅದರ ಮೇಲೆ ಕೂರಿಸಿದೆವು. ದಂಟುಗಳು ಅತ್ತಿತ್ತ ವಾಲದಿರಲೆಂದು ಬಾಯಿಯ ಸುತ್ತ ವೀಳ್ಯದೆಲೆ ಸಿಕ್ಕಿಸಿದೆವು. ಬಿಡಿಯಾಗಿದ್ದ ತೆನೆಗಳನ್ನು ಕಟ್ಟಲು ದಾರ ಬೇಕಾಯಿತು, ಕೈಗೆ ಸಿಕ್ಕಿದ್ದು ಅರಿಷಿಣದ ದಾರ. ದೂರ ನಿಂತು ನೋಡಿದೆವು. ಇಷ್ಟು ದಿನ ಬರದ ಕಳೆ ಬಂದಿತ್ತು. ಡಾಕ್ಟರ ಮನೆಯದಕ್ಕಿಂತ ಚಲೋ ಆಗಿದೆ ಎಂದು ನಾನೇ ಸರ್ಟಿಫಿಕೇಟು ಕೊಟ್ಟೆ.

ಬಾಗಿಲಲ್ಲಿ ಅವ್ವನ ದನಿ ಕೇಳಿತು. "ಎಲ್ಲಿ ಐತಿ ಆ ಅಟ್ಟ?"

ಒಳಗೆ ಬಂದವಳು ಟೇಬಲ್ ನೋಡಿದಳು, ತಂಬಿಗೆ ನೋಡಿದಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. "ಕಾಲಿಗೆ ನೀರು ತಾ ಬೇ. ಹಂಗ ಅರಿಷಿಣ ಕುಂಕುಮಾನೂ ತಾ" ಎಂದಳು ನನಗೆ. ಕಾಲು ತೊಳೆದು ಬಂದು ತಂಬಿಗೆಗೆ ಕುಂಕುಮ ಹಚ್ಚಿ, ಟೇಬಲ್ಲಿಗೆ ಹಣೆ ಮುಟ್ಟಿಸಿ ನಮಸ್ಕಾರ ಮಾಡಿದಳು. ಆಗ ನನ್ನ ಕಣ್ಣು ತೆರೆಯಿತು. ನಾವಿಬ್ಬರೂ ಸೇರಿ ಮಾಡಿಟ್ಟದ್ದು ಲಕ್ಷಣವಾದ ಒಂದು ಕಲಶ. ನಮ್ಮ ಕೈಗಳು ಹುಟ್ಟಿದಾಗಿನಿಂದ ಕಲಿತಿದ್ದ ಹೂವಿನ ಅಲಂಕಾರ ಅದೊಂದೇ.

"ಹೊಲದಾಗಿನ ಲಕ್ಷ್ಮೀನ್ನ ಮನಿಗೆ ಕರಕೊಂಡ ಬಂದೀಯಲ್ಲವಾ. ನಾ ಏನೇನೋ ತಿಳಕೊಂಡು ಬಂದಿದ್ದೆ" ಎಂದು ಸೊಸೆಯ ಗಲ್ಲ ಮುಟ್ಟಿದಳು ಅವ್ವ. ಮಗನ ಕಡೆ ತಿರುಗಿ, "ಇದರ ಮ್ಯಾಲೆ ಉಣ್ತೀರಿ ಅಂತ ಊರಾಗ ಸುಳ್ಳು ಹೇಳ್ಯಾರ ನೋಡು. ದೇವರ ಮುಂದ ಯಾರರೆ ಮುಸುರಿ ಮಾಡ್ತಾರೇನು?"

"ಛೇ, ಇಲ್ಲ ಬೇ" ಎಂದ ಅಣ್ಣ, ತೊಲೆ ನೋಡುತ್ತ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನಮ್ಮ ಮನೆಯಲ್ಲಿ ದೇವರೇ ಬಂದು ಟೇಬಲ್ ಕಸಿದುಕೊಂಡಿತ್ತು. ಅಣ್ಣ ಮರಳಿ ನೆಲಕ್ಕೆ ಇಳಿದ. ಒಂದು ಕುರ್ಚಿಯ ಮೇಲೆ ಅವ್ವನ ಗಂಟು ಕೂತಿತು, ಇನ್ನೊಂದರ ಮೇಲೆ ಪೂಜೆಯ ಸಾಮಾನು. ಅವ್ವ ದಿನಾ ಬೆಳಿಗ್ಗೆ ತಾಟು ತಿರುಗಿಸಿ ತಿರುಗಿಸಿ ನೋಡುವಳು. "ಕುಸುಬಿ ಬಾಡೈತಿ, ಶಾವಂತಿಗಿ ತರಸು. ಆ ಕಡೆ ಬೋಳ ಕಾಣಸತೈತಿ, ನಾಕ ಅಗಸಿ ಇಡು." ಡಾಕ್ಟರ ಹೆಂಡತಿಗೂ ಇಷ್ಟು ರುಚಿ ಇದ್ದೀತೋ ಇಲ್ಲವೋ. ವೈನಿ ಬಯಸಿದ ಹೂವು ಹೊತ್ತುಹೊತ್ತಿಗೆ ಬರುತ್ತಿತ್ತು. ಬಯಸಿದ ಊಟ ಮಾತ್ರ ಮೊದಲಿಗಿಂತ ದೂರ ಹೋಗಿತ್ತು.

ಒಂದು ದಿನ ಅಣ್ಣ ಉಂಡು ಕಚೇರಿಗೆ ಹೋದ ಮೇಲೆ ಹೆಂಗಸರು ಮೂವರೂ ಉಣ್ಣುತ್ತಿದ್ದೆವು. ವೈನಿಯ ಕಣ್ಣಿಂದ ನೀರು ತಾಟಿಗೆ ಬಿತ್ತು.

"ಯಾಕವಾ, ಖಾರ ಆಗೈತೇನು?" ಎಂದಳು ಅವ್ವ.

"ಅತ್ತಿ, ಅದು ದೇವರಲ್ರಿ" ಎಂದಳು ವೈನಿ. "ಬರೇ ಹೂವು. ಹೂವು ಇಟ್ರ ಸುತ್ತ ಎಲ್ಲಾರೂ ಕೂಡಿ ಉಣ್ತಾರಂತ ನಾನ ಇಟ್ಟಿದ್ದೆ. ಲಗ್ನ ಆಗಿ ಬಂದಾಗಿಂದ ಅವರು ಉಣ್ಣುವಾಗ ಅವರ ತಾಟಷ್ಟ ನೋಡೇನ್ರಿ. ಮಾರಿ ನೋಡಿಲ್ಲ."

ನಾನು ತುತ್ತು ಕೈಯಲ್ಲೇ ಹಿಡಿದು, ಇನ್ನು ಟೇಬಲ್ಲಿನ ಜೊತೆ ನಾವೂ ಅಂಗಳಕ್ಕೆ ಎಂದುಕೊಂಡೆ. ಅವ್ವ ಕೈಯಲ್ಲಿದ್ದ ರೊಟ್ಟಿ ಮುರಿದು ತಾಟಿನಲ್ಲಿಟ್ಟಳು.

"ನಾ ನಿಮ್ಮ ಮಾವನ ಎದುರಿಗೆ ಕುಂತು ಉಂಡದ್ದು ಎಳ್ಳಮಾಸಿಗಷ್ಟ" ಎಂದಳು. ಎಳ್ಳಮಾಸಿ ಎಂದರೆ ಎಳ್ಳು ಅಮಾವಾಸ್ಯೆ; ಅಂದು ನಮ್ಮ ಕಡೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೈರಿನ ನಡುವೆ ಲಕ್ಷ್ಮಿಯನ್ನು ಪೂಜಿಸಿ, ಮನೆಮಂದಿಯೆಲ್ಲ ಅಲ್ಲೇ ಸುತ್ತಗಟ್ಟಿ ಉಣ್ಣುತ್ತಾರೆ. "ಎಣಗಾಯಿ ತಿನ್ನುವಾಗ ಕಣ್ಣು ಮುಚ್ಚಿಕೊಂಡು ತಿಂತಿದ್ರು. ವರ್ಷಕ್ಕೊಮ್ಮೆ ನೋಡ್ತಿದ್ದೆ. ಈಗ ಅದೂ ಇಲ್ಲ."

ಅಪ್ಪ ತೀರಿಕೊಂಡು ಆಗ ಕೆಲವು ವರ್ಷಗಳಾಗಿದ್ದವು. ಅವನು ಕಣ್ಣು ಮುಚ್ಚಿ ಉಣ್ಣುತ್ತಿದ್ದನೆಂದು ನನಗೆ ಗೊತ್ತೇ ಇರಲಿಲ್ಲ. ನನಗೂ ಅಳು ಬಂತು.

ಮರುದಿನ ಅಣ್ಣ ನೆಲದ ಮೇಲೆ ಕೂರಲು ಬಂದಾಗ ಅವ್ವ ತಡೆದಳು. "ಇವತ್ತ ಲಕ್ಷ್ಮಿ ಮುಂದ ಎಲ್ಲಾರೂ ಕೂಡಿ ಉಣ್ಣೋದು."

"ಎಳ್ಳಮಾಸಿ ಮುಗದೈತಲ್ಲ ಬೇ."

"ಲಕ್ಷ್ಮಿ ಇನ್ನೂ ಇಲ್ಲೇ ಕುಂತಾಳಲ್ಲ. ಆಕಿ ಇರೂತನಕ ಎಳ್ಳಮಾಸಿನ."

ಅಣ್ಣ ತನ್ನ ಹಳೆಯ ಅಸ್ತ್ರ ತೆಗೆದ. "ರೊಟ್ಟಿ ಬಡಿಯೋರು ಯಾರು?"

"ಹೊಲಕ್ಕ ನಾ ಒಲಿ ಹೊತಗೊಂಡ ಹೋಗ್ತಿದ್ನೇನು? ಕಟಕ ರೊಟ್ಟಿ ತಿನ್ನು. ಹಲ್ಲು ಗಟ್ಟಿ ಅದಾವ ನಿನ್ನವು."

ಕಟಕ ರೊಟ್ಟಿ ಮೊದಲೇ ಸುಟ್ಟು ಒಣಗಿಸಿಟ್ಟದ್ದು, ವಾರಗಟ್ಟಲೆ ಇದ್ದರೂ ಕೆಡುವುದಿಲ್ಲ. ಬುಟ್ಟಿಯ ತುಂಬ ಅದನ್ನು ಇಟ್ಟುಕೊಂಡೂ ಆ ಉತ್ತರ ನಮಗೆ ಹೊಳೆದಿರಲಿಲ್ಲ. ಅವ್ವ ಒಂದು ಕುರ್ಚಿಯ ಮೇಲೆ, ಅವಳೂ ಚಕ್ಕಳಮಕ್ಕಳ ಹಾಕಿಕೊಂಡೇ. ಅಣ್ಣ ಇನ್ನೊಂದರ ಮೇಲೆ. ನಾನು ಟ್ರಂಕಿನ ಮೇಲೆ, ವೈನಿ ಅಣ್ಣನ ಎದುರಿಗೆ ಜೋಳದ ಚೀಲದ ಮೇಲೆ. ಎಲ್ಲ ಸರಿಯಾಯಿತು ಎನ್ನುವಾಗ ನೋಡಿದರೆ ವೈನಿ ಕತ್ತು ಆ ಕಡೆ ಈ ಕಡೆ ವಾಲಿಸುತ್ತಿದ್ದಾಳೆ. ಇಷ್ಟೆಲ್ಲ ಒದ್ದಾಡಿ ಗಂಡನ ಎದುರಿಗೆ ಕೂತರೆ, ಜೋಳದ ತೆನೆ ಅಡ್ಡ.

ಅವ್ವ ತಂಬಿಗೆಗೆ ಕೈ ಮುಗಿದಳು. "ಲಕ್ಷ್ಮವ್ವಾ, ಒಂದೀಟು ಸರಿಯವಾ" ಎಂದು ತಾಟನ್ನು ಪಕ್ಕಕ್ಕೆ ಜರುಗಿಸಿದಳು.

ಆ ಕಡೆ ಅಣ್ಣ ಎಣಗಾಯಿ ತಿನ್ನುತ್ತಿದ್ದ. ಮೀಸೆಗೆ ಶೇಂಗಾ ಚಟ್ನಿ ಹತ್ತಿತ್ತು. ಕಣ್ಣು ಮುಚ್ಚಿಕೊಂಡಿದ್ದ. ವೈನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅವ್ವ ಮಾತ್ರ ಊಟ ನಿಲ್ಲಿಸಿ ಮಗನನ್ನು ನೋಡುತ್ತಲೇ ಇದ್ದಳು.

ಆಮೇಲೆ ವರ್ಷಗಟ್ಟಲೆ ವೈನಿ ಆ ತಂಬಿಗೆ ಖಾಲಿ ಬಿಡಲಿಲ್ಲ. ಲಕ್ಷ್ಮಿ ಇರುವ ತನಕ ಎಳ್ಳಮಾಸಿ ಎಂದು ಅತ್ತೆಯೇ ಹೇಳಿದ್ದಳಲ್ಲ. ಬೇವು, ಗುಲಬಾಕ್ಷಿ, ಚೆಂಡು ಹೂವು, ಎಲ್ಲವೂ ತಮ್ಮತಮ್ಮ ಕಾಲಕ್ಕೆ ಬಂದವು. ಮಜ್ಜಿಗೆಯಲ್ಲಿ ಬೇವು ಬಿದ್ದರೆ ಅಣ್ಣ ಸುಮ್ಮನೆ ಕುಡಿದ.

ಈಗ ಹೊಸ ಮನೆಗೆ ಮರಳೋಣ. ಅಣ್ಣ ಈಗಿಲ್ಲ. "ಲಕ್ಷ್ಮವ್ವಾ, ಒಂದೀಟು ಸರಿಯವಾ" ಎಂದು ನಾನು ಹೂದಾನಿ ಜರುಗಿಸಿದೆ. ವೈನಿಯ ಮುಖ ಕಂಡಿತು, ಆದರೆ ಅವಳು ನನ್ನನ್ನು ನೋಡುತ್ತಿರಲಿಲ್ಲ. ಮೊಮ್ಮಗನ ಹಿಂದೆ ಬಿಸಿ ರೊಟ್ಟಿ ಹಿಡಿದು ನಿಂತ ಹುಡುಗಿಯನ್ನು ನೋಡುತ್ತಿದ್ದಳು.

"ನೀ ಯಾವಾಗ ಉಣ್ತೀ?" ಎಂದು ಕೇಳಿದಳು.

"ನಿಮ್ಮದೆಲ್ಲಾ ಆಗಲ್ರಿ ಅಜ್ಜಿ. ರೊಟ್ಟಿ ಬಿಸಿಬಿಸಿ ಮಾಡಾಕತ್ತೇನಿ."

"ಕಟಕ ರೊಟ್ಟಿ ಅದಾವೇನು ಮನ್ಯಾಗ?"

"ಅದಾವ್ರಿ."

"ಅವನ್ನ ತಾ. ಗ್ಯಾಸ್ ಆರಿಸಿ ಬಾ. ಹೂವು ಇಟ್ಟಾಕಿ ನಿಂತ್ಕೊಂಡಿರಬಾರದು."

ಹುಡುಗಿ ಗಂಡನ ಮುಖ ನೋಡಿದಳು. ಅವನು ಎದ್ದು ಅವಳಿಗೊಂದು ತಾಟು ತಂದ. ಅವಳು ಅವನ ಎದುರಿಗೆ, ವೈನಿಯ ಪಕ್ಕದಲ್ಲಿ ಕೂತಳು. ವೈನಿಗೆ ಈಗ ಒಂದೂ ಹಲ್ಲಿಲ್ಲ. ತನ್ನ ಪಾಲಿನ ಕಟಕ ರೊಟ್ಟಿಯನ್ನು ಸಾರಿನಲ್ಲಿ ನೆನೆಹಾಕಿ, ಅದು ಮೆತ್ತಗಾಗುವ ತನಕ ಅವರಿಬ್ಬರು ಉಣ್ಣುವುದನ್ನು ನೋಡುತ್ತ ಕೂತಳು.