ದಿವಾನಖಾನೆಯ ಗಿಳಿಗಳು

ಅಂಗಿ ನೀರಿಗೆ ಹಾಕುವ ಮೊದಲು ಕಿಸೆ ತಡಕಾಡುವುದು ನನ್ನ ಹೆಂಡತಿಯ ರೂಢಿ. ಇವತ್ತು ಅಲ್ಲಿಂದ ಮಡಚಿದ ಎರಡು ಟಿಕೇಟು ಹೊರಬಿದ್ದವು. "ಚೆಲ್ಲಲೇನ್ರಿ?" ಅಂದಳು. ನಾನು ಕಸಿದುಕೊಂಡ ರೀತಿ ನೋಡಿ, "ಲಾಟರಿ ಹತ್ತ್ಯಾದೇನೋ ಸಾಹೇಬ್ರಿಗೆ!" ಅಂತ ನಕ್ಕಳು.

ಲಾಟರಿ ಎಲ್ಲಿಂದ ಬರಬೇಕು. ಸುಲೇಪೇಟದ ಆಚೆಗಿನ ಒಂದು ಹಳೇ ವಾಡೆ ಈಗ ಮ್ಯೂಸಿಯಂ ಆಗಿದೆ, ಅದರ ಟಿಕೇಟು. ನನ್ನ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಆ ವಾಡೆಯ ಸೊಸೆ. ಶಾಲೆಗೆ ಸೂಟಿ ಬಿಟ್ಟರೆ ನಾವೆಲ್ಲ ಅಲ್ಲೇ ಬಿದ್ದಿರುತ್ತಿದ್ದೆವು. ವಾಡೆ ಅಂದ ಕೂಡಲೇ ನೀವು ಆನೆ, ಕುದುರೆ ಕಲ್ಪಿಸಿಕೊಳ್ಳಬೇಡಿ. ನಮ್ಮ ಕಾಲಕ್ಕೆ ಉಳಿದದ್ದು ದಪ್ಪ ಗೋಡೆ, ಹಗಲೂ ಕತ್ತಲಿರುವ ಅಡುಗೆಮನೆ, ಶಹಾಬಾದಿ ಪರಸಿ ಕಲ್ಲು ಹಾಸಿದ ಪಡಸಾಲೆ. ಬೇಸಿಗೆಯಲ್ಲಿ ಆ ಕಲ್ಲಿನ ಮೇಲೆ ಬರಿ ಮೈಯಲ್ಲಿ ಮಲಗಿದರೆ ಎಂಥಾ ನಿದ್ದೆ ಅಂತೀರಿ! ಈಗಿನ ಕೂಲರು ಅದರ ಮುಂದೆ ಯಾವ ಲೆಕ್ಕ.

ಮುಂದಿನ ದಿವಾನಖಾನೆಗೆ ಮಾತ್ರ ನಾವು ಹುಟ್ಟುವ ಮೊದಲೇ ಕೀಲಿ ಬಿದ್ದಿತ್ತು. ಅಣ್ಣತಮ್ಮಂದಿರ ಜಗಳ, ಕೋರ್ಟು. ಬಾಗಿಲ ಸಂದಿಗೆ ಕಣ್ಣಿಟ್ಟರೆ ಬರೀ ಕತ್ತಲು, ಬಾವಲಿ ವಾಸನೆ. ಆದರೂ ಒಳಗೆ ಏನಿದೆಯೆಂಬುದು ನನಗೆ ಬಾಯಿಪಾಠ. ರೊಟ್ಟಿ ಬಡಿಯುತ್ತ ದೊಡ್ಡವ್ವ ಹೇಳುತ್ತಿದ್ದಳು: "ಮ್ಯಾಲ ಛತ್ತಿನ ತುಂಬ ಗಿಳಿ ಬರಸ್ಯಾರ ತಮ್ಮಾ. ಹಸರ ಗಿಳಿ, ಕೆಂಪ ಚುಂಚು. ಒಂದು ಮಾತ್ರ ಹೊಳ್ಳಿ ನೋಡ್ತದ." ಅದೊಂದೇ ಯಾಕೆ ಹೊರಳಿ ನೋಡುತ್ತದೆಂದು ನಾವು ಕೇಳಬೇಕು, ಅವಳು ದಿನಕ್ಕೊಂದು ಕಾರಣ ಹೇಳಬೇಕು. ಒಂದು ದಿನ ಪೇರಲ ಹಣ್ಣಿನ ಆಸೆ. ಇನ್ನೊಂದು ದಿನ ಗಂಡನ ಮೇಲೆ ಸಿಟ್ಟು. ರೊಟ್ಟಿ ಮುಗಿದರೂ ಗಿಳಿ ಮುಗಿಯುತ್ತಿರಲಿಲ್ಲ.

ಕಡೆಗೊಮ್ಮೆ ಜಗಳ ಬಗೆಹರಿದು, ವಾಡೆ ಸರ್ಕಾರಕ್ಕೆ ಸೇರಿ, ದುರಸ್ತಿಯಾಗಿ, ಬಾಗಿಲಿಗೆ ಮ್ಯೂಸಿಯಂ ಬೋರ್ಡು ಬಿತ್ತು. ದೊಡ್ಡವ್ವ ಈಗ ಚಿಂಚೋಳಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. "ನಡಿ, ಗಿಳಿ ನೋಡ್ಕೊಂಡು ಬರೋಣು" ಎಂದು ಹೋದ ವಾರ ನಾನೇ ಹೊರಡಿಸಿದೆ. "ಬ್ಯಾಡೋ, ಮೊಣಕಾಲ ನೋಯ್ತಾವ" ಅಂದಳು. ನಾನು ಕೇಳಬೇಕಲ್ಲ!

ಆಟೋ ಇಳಿದವಳೇ ಹಿತ್ತಲ ಓಣಿಯ ಕಡೆ ತಿರುಗಿದಳು. ಹಿಂದಿನ ಬಾಗಿಲು ಮುಚ್ಚಿತ್ತು. "ಅಮ್ಮಾ, ಈ ಕಡಿಂದ ಬರ್ರಿ" ಅಂತ ಕಾವಲಿನವನು ಕೂಗಿದ. ಟಿಕೇಟು ತೆಗೆಸಿ ಮುಂದಿನ ದೊಡ್ಡ ಬಾಗಿಲಿಂದ ದಿವಾನಖಾನೆ ಹೊಕ್ಕೆವು. ನಾನು ಮೊದಲು ಮೇಲೆ ನೋಡಿದೆ. ಬರೀ ತೊಲೆಗಳು, ಅವಕ್ಕೆ ಹೊಸ ವಾರ್ನಿಶ್. ಗಿಳಿ ಹಾಳಾಗಲಿ, ಒಂದು ಪುಕ್ಕವೂ ಇಲ್ಲ.

ನನಗೆ ತಲೆ ಕೆಟ್ಟಿತು. ಉಸ್ತುವಾರಿಯ ಅಧಿಕಾರಿಯನ್ನು ಹಿಡಿದುಕೊಂಡೆ. "ಗಿಳಿ ಎಲ್ರಿ? ಕೆರೆದು ಒಗದ್ರೇನು? ಹಳೇದಂದ್ರ ನಿಮಗ ಏನಂತ ತಿಳದದ?" ಪಾಪ, ಆತ ಸಮಾಧಾನದ ಮನುಷ್ಯ. "ಇಲ್ಲಿ ಬಣ್ಣದ ಗುರ್ತು ಸುದ್ದಾ ಸಿಕ್ಕಿಲ್ರಿ. ಆದ್ರ ಕಣ್ಣಾರೆ ನೋಡಿದವರು ಯಾರಾರ ಹೇಳಿದ್ರ ಬರಸ್ತೀವಿ. ಪೇಂಟರ್ ಇನ್ನಾ ಇಲ್ಲೇ ಕೆಲಸ ಮಾಡ್ಲಿಕತ್ಯಾನ" ಅಂದ.

"ನೋಡಿದವರು ಇಲ್ಲೇ ಅದಾರಲ್ರಿ!" ಎಂದು ದೊಡ್ಡವ್ವನನ್ನು ಮುಂದಕ್ಕೆ ತಂದೆ. "ನೀವು ನೋಡೀರೇನ್ರಿ ಅಮ್ಮಾ?" ಎಂದ ಆತ. ಅವಳು ಹೂಂ ಅಂದಿದ್ದರೆ ಸಾಕಿತ್ತು, ಗಿಳಿಗಳು ಛತ್ತು ಹತ್ತುತ್ತಿದ್ದವು.

ದೊಡ್ಡವ್ವ ತಲೆಯ ಸೆರಗು ಸರಿಮಾಡಿಕೊಂಡಳು. "ನಾ ಎಲ್ಲಿ ನೋಡೀನ್ರಿ. ನಾ ಈ ಮನಿ ಸೊಸಿ. ಗಂಡಸರು ಕುಂದ್ರೂ ಜಾಗಾಕ ನಮಗ ಬಿಡ್ತಿದ್ದಿಲ್ಲ. ಚಹಾ ಸುದ್ದಾ ಬಾಗಲ ಹೊರಗ ಇಟ್ಟು, ಬಳಿ ಸಪ್ಪಳ ಮಾಡಿ ಹೋಗ್ತಿದ್ದೆ. ಇವತ್ತೇ ಮೊದಲ ನೋಡ್ಲಿಕತ್ತೀನಿ."

"ಮತ್ತ ಗಿಳಿ?" ಅಂದೆ. ಐವತ್ತು ದಾಟಿದ ಮನುಷ್ಯ ಕೇಳುವ ದನಿ ಅದಾಗಿರಲಿಲ್ಲ.

"ಒಳಗ ಭಾಳ ನಗ್ತಿದ್ರೋ ತಮ್ಮಾ. ಅಷ್ಟು ನಗಬೇಕಂದ್ರ ಒಳಗ ಏನರ ಛಂದಂದು ಇರಬೇಕು ಅಂತ ತಿಳ್ಕೊಂಡಿದ್ದೆ."

"ಹೂಂ ಅಂದುಬಿಡು ದೊಡ್ಡವ್ವ, ಬರಸ್ತಾರ" ಎಂದು ಅವಳ ಕಿವಿಯಲ್ಲಿ ಹೇಳಿದೆ.

ಅವಳು ಇನ್ನೊಮ್ಮೆ ಛತ್ತು ನೋಡಿದಳು. "ಬ್ಯಾಡ. ಬರೀ ತೊಲಿ ಇದ್ವು, ತೊಲಿನೇ ಇರಲಿ. ಇಷ್ಟಕ್ಕ ನಮ್ಮನ್ನ ಹೊರಗ ಇಟ್ಟಿದ್ರು ಅಂತ ಮಂದಿ ನೋಡ್ಲಿ."

ಟಿಕೇಟಿನ ಕಥೆ ಕೇಳಿ ನನ್ನ ಹೆಂಡತಿ ಅಂಗಿ ನೀರಿಗೆ ಹಾಕಿದಳು. ಸಂಜೆ ನನ್ನ ಗೆಳೆಯರು ಹರಟೆಗೆ ಬರುವವರಿದ್ದರು. ಪ್ರತಿ ಸಲವೂ ಅವಳು ಚಹಾ ತಂದಿಟ್ಟು ಒಳಗೆ ಹೋಗುತ್ತಾಳೆ, ನಾವು ಛತ್ತು ಹಾರುವಂತೆ ನಗುತ್ತೇವೆ. "ಇವತ್ತು ನೀನೂ ನಮ್ಮ ಜೋಡಿ ಕುಂದ್ರು" ಅಂದೆ.

"ನಿಮ್ಮ ಮಾತಿನ್ಯಾಗ ಅಂಥಾದ್ದೇನದ ಅಂತ ಕುಂದ್ರಲಿ?"

"ಏನೂ ಇಲ್ಲ" ಅಂದೆ. "ಬಂದು ನೋಡು."