ಅರ್ಧಕ್ಕೆ ನಿಂತ ಮಳೆ ಹಾಡು

ಹವಾಮಾನ ಬದಲಾಗುತ್ತಿರುವಾಗ ಜನರ ಹಾಡುಗಳು ಏನಾಗುತ್ತಿವೆ ಎಂಬುದು ನನ್ನ ಸಂಶೋಧನೆ. ಕೋಣನಕುಂಟೆಯಲ್ಲಿ ಮಳೆ ಕರೆಯುವ ಹಾಡು ಬಲ್ಲ ಅಜ್ಜಿಯೊಬ್ಬರು ಸಿಕ್ಕಿದರು. ಆದರೆ ರೆಕಾರ್ಡರ್ ಇಟ್ಟ ತಕ್ಷಣ ಅವರು ಕೈ ಮುಗಿದುಬಿಟ್ಟರು.

“ಬ್ಯಾಡ ಕಣವ್ವ. ಹಿಂದುಗಡೆನೇ ರಾಜಕಾಲುವೆ. ಹೋದ ಸಲ ಮಂಚದ ಮಟ್ಟ ನೀರು ಬಂದಿತ್ತು. ಈಗ ಮೊಮ್ಮಗಳು ಬಾಣಂತಿ, ಒಳಗೆ ಮಲಗವ್ಳೆ.”

“ಹಾಡಿದ್ರೆ ಮಳೆ ಬರುತ್ತಾ ಅಜ್ಜಿ?” ಎಂದು ನಕ್ಕೆ.

“ಆಗೆಲ್ಲ ಬತ್ತಿತ್ತಲ್ಲ,” ಎಂದರು. ಅವರು ನಗಲಿಲ್ಲ.

ನಾನು ಹೊರಡಲು ಎದ್ದಾಗ ಪಾಪ ಎನಿಸಿತೋ ಏನೋ, ಕೂರಿಸಿಕೊಂಡು, ಆಕಾಶಕ್ಕೆ ಕೇಳಿಸದಿರಲಿ ಎಂಬಂತೆ ದನಿ ತಗ್ಗಿಸಿ ಹಾಡತೊಡಗಿದರು. ಎರಡನೇ ನುಡಿಗೆ ಬರುವಷ್ಟರಲ್ಲಿ ಗುಡುಗಿತು. ಅಜ್ಜಿ ಬಾಯಿ ಮುಚ್ಚಿಕೊಂಡರು. ಮಳೆ ಧೋ ಎಂದು ಸುರಿಯಿತು.

ನೋಡನೋಡುತ್ತ ಕಾಲುವೆ ನೀರು ಮೊದಲ ಮೆಟ್ಟಿಲು ಹತ್ತಿತು. ಅಕ್ಕಿ ಮೂಟೆಯನ್ನು ಮಂಚದ ಮೇಲೆ ಎತ್ತಿಟ್ಟು, ಅಜ್ಜಿಯನ್ನು ಮುಂದೆ ಕಳಿಸಿ, ಕೂಸನ್ನು ಎದೆಗವಚಿಕೊಂಡು ಮೇಲಿನ ಮಹಡಿ ಮನೆಗೆ ಓಡಿದೆ. ಎಲ್ಲಿ ಜಾರುತ್ತೇನೋ ಎಂದು ಒಂದೊಂದು ಮೆಟ್ಟಿಲನ್ನೂ ನೋಡಿ ಕಾಲಿಟ್ಟೆ. ಹಿಂದೆಯೇ ಗೋಡೆ ಹಿಡಿದು ಹತ್ತುತ್ತಿದ್ದ ಮೊಮ್ಮಗಳು ಕೇಳಿದಳು: “ಮೇಡಂ, ಅಜ್ಜಿ ಕೈಲಿ ಆ ಹಾಡು ಹಾಡಿಸಿಬಿಟ್ರಾ?”

ಬೆಳಗಿನಿಂದಲೇ ಮೋಡ ಕಟ್ಟಿತ್ತು ಎನ್ನಬಹುದಿತ್ತು. ಕೂಸನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡು ಹತ್ತಿದೆ.

ನೀರು ಹೊಸ್ತಿಲ ತನಕ ಬಂದು ನಿಂತಿತು, ಸಂಜೆಗೆ ಇಳಿಯಿತು. ಕೂಸು ಅಷ್ಟೂ ಹೊತ್ತು ನಿದ್ದೆ ಮಾಡಿತ್ತು. ಇನ್ನೊಂದು ದಿನ ಬಂದು ಪೂರ್ತಿ ಹಾಡಿಸಿಕೊಳ್ಳುತ್ತೇನೆ ಎಂದು ಅಜ್ಜಿಗೆ ಹೇಳುವ ಧೈರ್ಯ ನನಗಾಗಲಿಲ್ಲ.

ರೆಕಾರ್ಡಿಂಗ್‌ನಲ್ಲಿ ಹಾಡು ಅರ್ಧಕ್ಕೇ ಯಾಕೆ ನಿಂತಿದೆ ಎಂದು ನನ್ನ ಗೈಡ್ ಕೇಳಿದರು.

“ಹಿನ್ನೆಲೆ ಸದ್ದು ಜಾಸ್ತಿಯಾಯ್ತು ಸಾರ್,” ಎಂದೆ. ಸುಳ್ಳೇನೂ ಹೇಳಲಿಲ್ಲ.