ಕಂಬದ ಜಾಗದಲ್ಲಿ ಬುಗುರಿ

ಬುಗುರಿ ಎಂದು ಅವಳಿಗೆ ಹೆಸರಿಟ್ಟವಳು ಅವಳ ಅಮ್ಮ. ಮುದ್ದಿಗಲ್ಲ, ಸಿಟ್ಟಿಗೆ. ಅಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ಹಾಕಿಕೊಂಡು ಕಿಟಕಿ ಪರದೆ ಹೊಲಿಯುತ್ತಿದ್ದವಳು. ಉದ್ದುದ್ದ ಬಟ್ಟೆಯ ಆ ತುದಿ ಹಿಡಿದು ನಿಲ್ಲಬೇಕಾದ ಮಗಳು ಹಿಡಿದ ತುದಿಯನ್ನೇ ಮೈಗೆ ಸುತ್ತಿಕೊಂಡು ಗಿರಗಿರ ತಿರುಗಿ, ಕೊನೆಗೆ ಗುಂಡಿ ಡಬ್ಬಿಯ ಮೇಲೆ ಬೀಳುತ್ತಿದ್ದಳು. “ಒಂದು ಕಡೆ ನಿಲ್ಲೋಕೆ ಏನು ರೋಗ ನಿಂಗೆ? ಮಗು ಹೆತ್ತೆ ಅಂದ್ಕೊಂಡಿದ್ದೆ, ಬುಗುರಿ ಹೆತ್ತಿದೀನಿ!” ಎಂದು ಅಮ್ಮ ಕೂಗಿದ್ದು ಬೀದಿಗೆಲ್ಲ ಕೇಳಿಸಿತು. ಹೆಸರು ಅಂಟಿಕೊಂಡಿತು. ಈಗ ಅವಳಿಗೆ ಐವತ್ತಮೂರು. ಅವಳ ಹತ್ತಿರ ಕುಣಿತ ಕಲಿತವರೆಲ್ಲ ಇವತ್ತಿಗೂ ಬುಗುರಿ ಅಕ್ಕ ಎಂದೇ ಕರೆಯುತ್ತಾರೆ.

ಇಂಥವಳನ್ನು ಒಂದು ಸೋಮವಾರ ಬೆಳಿಗ್ಗೆ ದೊಡ್ಡ ರಂಗಮಂದಿರದ ಮ್ಯಾನೇಜರು ಕರೆಸಿ, ಇನ್ನು ನೀವು ಕುಣಿಯುವ ಹಾಗಿಲ್ಲ ಎಂದ. ಅವಳು ಕಟ್ಟಿದ ತಂಡ, ಅವಳು ಕಟ್ಟಿದ ನೃತ್ಯ, ತಂಡಕ್ಕೆ ಇಪ್ಪತ್ತೈದು ವರ್ಷ ತುಂಬಿದ್ದಕ್ಕೆ ನಡೆಯುವ ಪ್ರದರ್ಶನ. ಅದರಲ್ಲಿ ಅವಳೇ ಇಲ್ಲವಂತೆ! ಯಾರಿಗೆ ತಾನೆ ಮೈ ಉರಿಯುವುದಿಲ್ಲ ಹೇಳಿ. ಆದರೆ ಈ ಜಗಳ ಎಲ್ಲಿಗೆ ಹೋಗಿ ಮುಟ್ಟಿತು ಎನ್ನುವ ಮೊದಲು ಕಂಬದ ಸಮಾಚಾರ ತಿಳಿದಿರಬೇಕು.

ಕುಣಿತ ಅವಳಿಗೆ ಯಾರೂ ಕರೆದು ಕೊಟ್ಟದ್ದಲ್ಲ. ಹತ್ತೊಂಬತ್ತಕ್ಕೆ ನೃತ್ಯಶಾಲೆ ಸೇರಿದಾಗ ಅಲ್ಲಿನ ಗುರುಗಳು ಅವಳ ಕಾಲು ನೋಡಿ, “ಮಂಡಿ ಒಳಕ್ಕೆ ತಿರುಗಿದೆಯಲ್ಲಮ್ಮ, ನೀನು ಹಿಂದಿನ ಸಾಲಲ್ಲೇ ಚೆಂದ” ಎಂದರು. ಒಂಬತ್ತು ವರ್ಷ ಹಿಂದಿನ ಸಾಲಿನಲ್ಲಿ ನಿಂತಳು. ಬಸ್ಸಿನಲ್ಲಿ ಊರೂರು ತಿರುಗಿದಳು, ವೇಷದ ಪೆಟ್ಟಿಗೆಯ ಮೇಲೆ ತಲೆಯಿಟ್ಟು ಮಲಗಿದಳು. ಮುಂದಿನವರ ಬೆನ್ನು ನೋಡುವುದೇ ಕೆಲಸವಾಗಿ, ಮುಖ ನಗುತ್ತಿದ್ದಾಗಲೂ ಬೆನ್ನು ಹೆದರಿರುತ್ತದೆ ಎನ್ನುವುದನ್ನು ಕಲಿತಳು. ಇಪ್ಪತ್ತೆಂಟಕ್ಕೆ, ಇನ್ನು ಯಾರ ಬೆನ್ನನ್ನೂ ನೋಡಲಾರೆ, ನನ್ನದೇ ಕುಣಿತ ಕಟ್ಟುತ್ತೇನೆ ಎಂದು ಹೊರಬಂದಳು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಅಣ್ಣ ಮೂಗು ಮುರಿದ.

“ನವಿಲು ಕುಣೀತು ಅಂತ ಕೆಂಭೂತ ಪುಕ್ಕ ಕೆದರಿತಂತೆ,” ಎಂದ.

“ಕೆಂಭೂತಕ್ಕೂ ಪುಕ್ಕ ಇದೆಯಲ್ಲಣ್ಣ. ಕೆದರಲಿ ಬಿಡು,” ಎಂದಳು ಬುಗುರಿ.

ಹುಡುಕಿ ಹುಡುಕಿ ಕಡೆಗೆ ಸಿಕ್ಕಿದ್ದು ಟೈರ್ ಅಂಗಡಿಯ ಮೇಲಿನ ಉಗ್ರಾಣ. ಉದ್ದ ಕೋಣೆ, ಒಂದು ಗೋಡೆಗೆ ನಾಲ್ಕು ಕಿಟಕಿ, ಮೂಲೆ ಮೂಲೆಯಲ್ಲೂ ರಬ್ಬರಿನ ವಾಸನೆ. ನೆಲ ಕಿಟಕಿಯ ಕಡೆಗೆ ವಾಲಿತ್ತು. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ ಎನ್ನುವ ಗಾದೆ ಯಾರಾದರೂ ತೆಗೆದರೆ ಬುಗುರಿ ಒಂದು ಗೋಲಿ ತಂದು ನೆಲದ ಮೇಲೆ ಬಿಟ್ಟು, ಅದು ತಾನಾಗಿ ಉರುಳುತ್ತ ಕಿಟಕಿ ಸೇರುವುದನ್ನು ತೋರಿಸುತ್ತಿದ್ದಳು. ಡೊಂಕಿಗಿಂತ ದೊಡ್ಡ ತೊಂದರೆ ಕಂಬದ್ದು. ಕೋಣೆಯ ನಟ್ಟನಡುವೆ, ಒಬ್ಬರು ತಬ್ಬಿದರೆ ಕೈಗೆ ಕೈ ಸಿಗದಷ್ಟು ದಪ್ಪದ ಸಿಮೆಂಟು ಕಂಬ.

“ಇದನ್ನ ತೆಗೆಸೋಕಾಗುತ್ತಾ?” ಎಂದು ಅಂಗಡಿ ಯಜಮಾನರನ್ನು ಕೇಳಿದಳು.

“ಧಾರಾಳವಾಗಿ. ಆದ್ರೆ ಅದರ ಜೊತೆ ಛಾವಣಿನೂ ಬರುತ್ತೆ. ಎರಡೂ ಕೆಳಗಿಳಿಸ್ಲಾ?” ಎಂದರು ಅವರು.

ಕಂಬ ಉಳಿಯಿತು. ಮೊದಲ ವಾರವೇ ಒಬ್ಬಳು ಅದಕ್ಕೆ ಹಣೆ ಬಡಿದುಕೊಂಡು ರಕ್ತ ಸುರಿಸಿದಳು. ಕುಣಿತವೆಂದರೆ ಮುಖ ಗಂಟು ಹಾಕುತ್ತಿದ್ದ ಅಮ್ಮ ಅಳತೆ ಪಟ್ಟಿ ಹಿಡಿದು ಮೆಟ್ಟಿಲು ಹತ್ತಿ ಬಂದು, ಕಂಬದ ಸುತ್ತಳತೆ ತೆಗೆದುಕೊಂಡು ಹೋಗಿ, ಉಳಿದ ಪರದೆ ಬಟ್ಟೆಯಲ್ಲಿ ಹತ್ತಿ ತುಂಬಿ ಅದಕ್ಕೊಂದು ಅಂಗಿ ಹೊಲಿದಳು. ಹಿಂದೆ ಎಂಟು ಗುಂಡಿ. “ನನ್ನ ಮಗಳಿಗಿಂತ ಈ ಕಂಬ ವಾಸಿ. ಅಳತೆ ತೆಗೆಯುವಾಗ ಅಲ್ಲಾಡಲ್ಲ” ಎಂದಳು. ತಂಡದಲ್ಲಿ ಒಂದು ಕಟ್ಟಳೆಯೂ ಬಂತು. ಕಂಬಕ್ಕೆ ಯಾರು ಡಿಕ್ಕಿ ಹೊಡೆದರೂ ಅದನ್ನು ಎರಡು ಸಲ ತಟ್ಟಿ “ತಪ್ಪು ನಂದು” ಎಂದು ಹೇಳಿ ಮುಂದಕ್ಕೆ ಹೋಗಬೇಕು. ನೆವ ಹೇಳುವಂತಿಲ್ಲ, ನಿಲ್ಲುವಂತೆಯೂ ಇಲ್ಲ. ಕಂಬವನ್ನು ಕಣ್ಣಿನಿಂದ ನೋಡಬೇಡಿ, ಬೆನ್ನಿಗೆ ಗೊತ್ತಿರಲಿ ಎನ್ನುತ್ತಿದ್ದಳು ಬುಗುರಿ. ಎರಡು ವರ್ಷದಲ್ಲಿ ಕಣ್ಣು ಮುಚ್ಚಿಕೊಂಡೂ ಆರು ಜನ ಅದರ ಪಕ್ಕದಲ್ಲಿ ಗೇಣು ಅಂತರ ಬಿಟ್ಟು ಓಡುತ್ತಿದ್ದರು.

ಆಮೇಲೆ ನೋಡಿ ತಮಾಷೆ. ಮೊದಲ ಸಲ ದೊಡ್ಡ ರಂಗಮಂದಿರದಲ್ಲಿ ಅವಕಾಶ ಸಿಕ್ಕಿತು. ಸಮತಟ್ಟಾದ ನೆಲ, ಅಗಲವಾದ ವೇದಿಕೆ, ನಡುವೆ ಏನೂ ಇಲ್ಲ. ಆದರೆ ಇವರು ಕುಣಿದದ್ದೋ, ಇಲ್ಲದ ಕಂಬದ ಸುತ್ತ! ಓಡಿ ಬಂದವರು ನಡುವೆ ಬಂದೊಡನೆ ಬಳುಕಿ ಪಕ್ಕಕ್ಕೆ ಹೋಗುತ್ತಾರೆ, ಉರುಳಿ ಬಂದವರು ತಿರುವು ತೆಗೆದುಕೊಳ್ಳುತ್ತಾರೆ, ಒಬ್ಬಳಂತೂ ಗಾಳಿಗೆ ಬೆನ್ನು ಒರಗಿಸಲು ಹೋಗಿ ಧೊಪ್ಪನೆ ಕೂತಳು. ಬುಗುರಿ ಮುಗೀತು ನಮ್ಮ ಕಥೆ ಎಂದುಕೊಂಡಳು. ಮರುದಿನ ಪತ್ರಿಕೆಯಲ್ಲಿ ಬರೆದಿದ್ದರು, ‘ವೇದಿಕೆಯ ನಡುವಿನ ಆ ಶೂನ್ಯ, ನಮ್ಮನ್ನು ಅಗಲಿಹೋದವರ ಜಾಗ’ ಎಂದು. ಅಮ್ಮ ಕನ್ನಡಕ ಏರಿಸಿಕೊಂಡು ಅದನ್ನು ಎರಡು ಸಲ ಓದಿದಳು.

“ಯಾರೇ ಹೋಗಿಬಿಟ್ಟಿದ್ದು?”

“ಯಾರೂ ಹೋಗಿಲ್ಲಮ್ಮ. ಕಂಬ.”

“ಅಯ್ಯೋ, ಅದು ಅಲ್ಲೇ ಇದೆಯಲ್ಲೇ!” ಎಂದು ಅಮ್ಮ ಅವತ್ತೆಲ್ಲ ನಕ್ಕಳು. ತಂಡ ಹೆಸರಾದದ್ದು ಆ ಶೂನ್ಯದಿಂದಲೇ. ಬುಗುರಿ ಎಲ್ಲರಿಗೂ ನಿಜ ಹೇಳಿದಳು, ಯಾರೂ ನಂಬಲಿಲ್ಲ. ಕೊನೆಕೊನೆಗೆ ಅವಳೇ ಬೇಕೆಂದು ಅದನ್ನು ಉಳಿಸಿಕೊಂಡಳು. ಅಂದಿನಿಂದ ಅವಳ ಪ್ರತಿಯೊಂದು ನೃತ್ಯದಲ್ಲೂ ವೇದಿಕೆಯ ನಡುವೆ ಕಾಣದ ಕಂಬವೊಂದಿತ್ತು. ಪ್ರತಿಯೊಂದರ ಕೊನೆಯ ನಾಲ್ಕು ನಿಮಿಷ ಬುಗುರಿ ಒಬ್ಬಳೇ ಬಂದು ಆ ಕಂಬದ ಸುತ್ತ ಕುಣಿಯುತ್ತಿದ್ದಳು. ಆ ನಾಲ್ಕು ನಿಮಿಷಕ್ಕೆಂದೇ ಜನ ಬರುತ್ತಿದ್ದರು.

ಇನ್ನು ಸೋಮವಾರದ ಮಾತು. ಎಂಟು ತಿಂಗಳ ಹಿಂದೆ ಅವಳ ಎಡ ಮಂಡಿಯ ಶಸ್ತ್ರಚಿಕಿತ್ಸೆ ಆಗಿತ್ತು. ಜಿಗಿಯಬೇಡಿ, ಮಂಡಿ ಊರಬೇಡಿ, ಮಿಕ್ಕಿದ್ದು ನಿಮ್ಮ ಶಕ್ತಿ ಎಂದು ಡಾಕ್ಟರಮ್ಮ ಬರೆದುಕೊಟ್ಟಿದ್ದರು. ಬುಗುರಿ ಜಿಗಿತವಿಲ್ಲದ ನಾಲ್ಕು ನಿಮಿಷ ಹೊಸದಾಗಿ ಕಟ್ಟಿ, ಐದು ತಿಂಗಳು ಬೆವರು ಸುರಿಸಿದ್ದಳು. ಅವಳ ಮುಂದೆ ಕೂತ ಮ್ಯಾನೇಜರು, ನಲವತ್ತೂ ತುಂಬದ ಮನುಷ್ಯ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡಿದ.

“ಗೌರವದಿಂದಲೇ ಹೇಳ್ತಿದೀನಿ ಮೇಡಂ. ಸಂಯೋಜನೆ ನಿಮ್ಮದೇ ಇರ್ಲಿ. ಕೊನೇ ನಾಲ್ಕು ನಿಮಿಷ ನಿಮ್ಮ ತಂಡದ ಆ ಉದ್ದದ ಹುಡುಗಿ ಮಾಡ್ಲಿ. ನೀವು ಮುಂದಿನ ಸಾಲಲ್ಲಿ ಆರಾಮಾಗಿ ಕೂತಿದ್ದು, ಮುಗಿದ ಮೇಲೆ ಬಂದು ಒಂದ್ಸಲ ಕೈ ಬೀಸಿ.”

“ಕುಣೀಬೇಡಿ ಅಂತ ಡಾಕ್ಟರ್ ಪತ್ರದಲ್ಲಿ ಎಲ್ಲಿದೆ ತೋರ್ಸಿ.”

“ಪತ್ರದ ಮಾತಲ್ಲ ಮೇಡಂ. ನೀವು ಬಿದ್ದರೆ ನಮ್ಮ ತಲೆಗೆ ಬರುತ್ತೆ. ಮೇಲಾಗಿ, ಜನ ನಿಮ್ಮನ್ನ ಮೊದಲಿನ ಹಾಗೇ ನೆನಪಿಟ್ಕೊಳ್ಳಲಿ ಅಂತ.”

ಬಿದ್ದರೆ ಎಂದದ್ದನ್ನು ಅವಳು ಸಹಿಸಿಕೊಂಡಳು. ನೆನಪಿಟ್ಟುಕೊಳ್ಳಲಿ ಎಂದದ್ದು ಗಾಯಕ್ಕೆ ಉಪ್ಪು ಸವರಿದಂತಾಯಿತು. ಇವಳೇನು ಸತ್ತಿದ್ದಾಳೆಯೇ ನೆನಪಿಟ್ಟುಕೊಳ್ಳುವುದಕ್ಕೆ?

“ಆಗ ಹಿಂದಿನ ಸಾಲಲ್ಲಿ ನಿಲ್ಲು ಅಂದ್ರು. ಈಗ ಮುಂದಿನ ಸಾಲಲ್ಲಿ ಕೂತ್ಕೊ ಅಂತೀರಿ. ಒಟ್ಟಿನಲ್ಲಿ ನಡುವೆ ಬರಬೇಡ, ಅಷ್ಟೇ ತಾನೆ?” ಎಂದು ಎದ್ದು ಬಂದಳು.

ಮ್ಯಾನೇಜರು ಹೇಳಿದ ಉದ್ದದ ಹುಡುಗಿಗೆ ತಂಡದಲ್ಲಿ ಉದ್ದಕಾಲು ಎಂದೇ ಹೆಸರು. ಹನ್ನೆರಡು ವರ್ಷದಿಂದ ಬುಗುರಿಯ ನೆರಳಾಗಿದ್ದವಳು. ಸುದ್ದಿ ಕೇಳಿ ಅವಳ ಕಣ್ಣಲ್ಲಿ ನೀರೇ ಬಂತು. “ನಾನು ಮಾಡಲ್ಲ ಅಕ್ಕ. ನಿಮ್ಮ ಜಾಗಕ್ಕೆ ನಾನು ಬರಲ್ಲ.”

“ಬಾಯ್ಮುಚ್ಚು. ಅಭ್ಯಾಸ ಮಾಡು,” ಎಂದಳು ಬುಗುರಿ. ಹೇಳಿದ್ದೇನೋ ಹೇಳಿದಳು. ಹುಡುಗಿ ತನ್ನ ನಾಲ್ಕು ನಿಮಿಷ ಕುಣಿಯುವುದನ್ನು ಕಂಬಕ್ಕೆ ಒರಗಿ ನೋಡುವಾಗ ಹೊಟ್ಟೆಯಲ್ಲಿ ಕೆಂಡ. ಉದ್ದಕಾಲು ಚೆನ್ನಾಗಿಯೇ ಕುಣಿಯುತ್ತಿದ್ದಳು, ಅದೇ ಸಂಕಟ. ಸುತ್ತಿ ಬಂದು ಬೆನ್ನು ಒರಗಿಸುವ ಕಡೆ ಕಂಬಕ್ಕೆ ಒರಗಿದ್ದ ಬುಗುರಿಯ ಭುಜಕ್ಕೇ ಒರಗಿದಳು. ಗೊತ್ತಾಗಲೇ ಇಲ್ಲ ಅವಳಿಗೆ. ಕಂಬ ಎಂದುಕೊಂಡು ಪೂರ್ತಿ ಭಾರ ಬಿಟ್ಟಳು. ಬುಗುರಿಯ ಮಂಡಿ ಆ ಭಾರವನ್ನು ತಡೆಯಿತು, ನಡುಗಲೂ ಇಲ್ಲ.

ಮರುದಿನ ಬುಗುರಿ ಮತ್ತೆ ಮ್ಯಾನೇಜರ ಮುಂದೆ ಹೋಗಿ ನಿಂತಳು. “ಸರಿ, ನಾನು ಕುಣಿಯಲ್ಲ. ವೇದಿಕೆ ನಡುವೆ ಕಂಬ ಆಗಿ ನಿಂತಿರ್ತೀನಿ. ಕಂಬ ಬೀಳುತ್ತೆ ಅನ್ನೋ ಭಯ ಇಲ್ಲ ತಾನೆ?”

ಅವನು ಪೆನ್ನಿನ ತುದಿ ಕಚ್ಚಿ ಯೋಚಿಸಿದ. ನಿಲ್ಲುವುದರಲ್ಲಿ ತಪ್ಪೇನೂ ಕಾಣಲಿಲ್ಲ. ಪ್ರದರ್ಶನದುದ್ದಕ್ಕೂ ನಿಂತಲ್ಲೇ ನಿಂತಿರುತ್ತೇನೆ ಎಂದು ಒಂದು ಕಾಗದ ಬರೆಸಿ ಸಹಿ ಹಾಕಿಸಿಕೊಂಡ. ಎಂಬತ್ತು ದಾಟಿದ ಅಮ್ಮ ಈ ಸುದ್ದಿ ಕೇಳಿ ಮಗಳನ್ನು ಮೇಲಿಂದ ಕೆಳಗೆ ನೋಡಿದಳು. “ನೀನು? ನಿಲ್ತೀಯಾ? ಐವತ್ತು ನಿಮಿಷ? ಪರದೆ ತುದಿ ಐದು ನಿಮಿಷ ಹಿಡೀಲಿಲ್ಲ ನೀನು!” ಆದರೂ ಕಂಬದ ಹಳೆಯ ಅಂಗಿಯ ಬಟ್ಟೆಯಿಂದಲೇ ಅವಳಿಗೊಂದು ಉದ್ದನೆಯ ನಿಲುವಂಗಿ ಹೊಲಿದುಕೊಟ್ಟಳು. ಹಿಂದೆ ಎಂಟು ಗುಂಡಿ.

ಪ್ರದರ್ಶನದ ಸಂಜೆ ಪರದೆ ಸರಿದಾಗ ಇಷ್ಟು ವರ್ಷ ಖಾಲಿಯಿದ್ದ ಆ ಜಾಗದಲ್ಲಿ ಬುಗುರಿ ನಿಂತಿದ್ದಳು. ಆರು ಜನ ಅವಳ ಸುತ್ತ ಓಡಿದರು, ಉರುಳಿದರು, ಒರಗಿದರು. ಒಬ್ಬರೂ ಅವಳತ್ತ ಕಣ್ಣು ಹಾಯಿಸಲಿಲ್ಲ, ಬೆನ್ನಿಗೆ ಗೊತ್ತಿತ್ತು. ನಲವತ್ತಾರು ನಿಮಿಷ ಅವಳು ರೆಪ್ಪೆ ಬಿಟ್ಟು ಬೇರೇನನ್ನೂ ಅಲ್ಲಾಡಿಸಲಿಲ್ಲ. ಮುಂದಿನ ಸಾಲಿನಲ್ಲಿ, ಮ್ಯಾನೇಜರು ಬುಗುರಿಗೆಂದೇ ಕಾದಿರಿಸಿದ್ದ ಕುರ್ಚಿಯಲ್ಲಿ ಅಮ್ಮ ಕೂತಿದ್ದಳು.

ಕೊನೆಯ ನಾಲ್ಕು ನಿಮಿಷಕ್ಕೆ ಉದ್ದಕಾಲು ಒಬ್ಬಳೇ ಒಳಗೆ ಬಂದಳು. ಆಗ ಕಂಬ ಹೊರಟಿತು.

ಮೊದಲೇ ಲೆಕ್ಕ ಹಾಕಿದ್ದಿರಾ ಎಂದು ಯಾರಾದರೂ ಕೇಳಿದರೆ, “ನಾನೇನು ಬಲ್ಲೆ, ಮಂಡಿಯನ್ನ ಕೇಳಿ” ಎನ್ನುತ್ತಾಳೆ. ಉದ್ದಕಾಲಿಗಂತೂ ಏನೂ ಗೊತ್ತಿರಲಿಲ್ಲ. ಕಂಬ ಎಲ್ಲಿದೆಯೆಂದು ಹನ್ನೆರಡು ವರ್ಷದಿಂದ ಬಲ್ಲ ಹುಡುಗಿ ಸುತ್ತಿ ಬರುತ್ತ ಬುಗುರಿಗೆ ನೇರ ಡಿಕ್ಕಿ ಹೊಡೆದಳು. ಬುದ್ಧಿಗೆ ತಿಳಿಯುವ ಮೊದಲೇ ಅವಳ ಕೈ ಬುಗುರಿಯ ಭುಜವನ್ನು ಎರಡು ಸಲ ತಟ್ಟಿತು. “ತಪ್ಪು ನಂದು” ಎಂದು ಬಾಯಿಯೂ ಗೊಣಗಿತು. ಆಮೇಲೆ ಅವಳು ಬುಗುರಿಯ ಮುಖ ನೋಡಿದಳು. ನೋಡಿ, ನಡುವಿಗೆ ಹೋಗಿ, ಖಾಲಿಯಾದ ಜಾಗದಲ್ಲಿ ಕಾಲು ಊರಿ ನಿಂತಳು. ಕಂಬವಾದಳು.

ಬುಗುರಿ ಕುಣಿದಳು. ಜಿಗಿಯಲಿಲ್ಲ, ಮಂಡಿ ಊರಲಿಲ್ಲ, ಡಾಕ್ಟರಮ್ಮನ ಒಂದು ಮಾತನ್ನೂ ಮೀರಲಿಲ್ಲ. ಒಳಕ್ಕೆ ತಿರುಗಿದ ಆ ಮಂಡಿಗಳನ್ನು ಇದ್ದ ಹಾಗೇ ತೋರಿಸಿದಳು. ಕಾಲೆಳೆದರೆ ಎಳೆದದ್ದೂ ಕುಣಿತ, ದಮ್ಮು ಹತ್ತಿ ನಿಂತರೆ ನಿಂತದ್ದೂ ಕುಣಿತ. ಮೂರನೆಯ ನಿಮಿಷದಲ್ಲಿ ಕಾಲು ಸೋತಾಗ ಉದ್ದಕಾಲಿನ ಬೆನ್ನಿಗೆ ಪೂರ್ತಿ ಭಾರ ಬಿಟ್ಟಳು. ಆ ಬೆನ್ನು ಹೆದರಿರಲಿಲ್ಲ. ಅವಳಿಗೆ ಅಳು ಬಂತು, ಅಳುತ್ತಲೇ ಮುಗಿಸಿದಳು. ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದಾಗ ಅಮ್ಮ ಪಕ್ಕದ ಕುರ್ಚಿಯವರ ತೋಳು ಹಿಡಿದು ಎಳೆದು, “ನಾನು ಆಗ್ಲೇ ಹೇಳಿರ್ಲಿಲ್ವಾ, ಅದು ಒಂದು ಕಡೆ ನಿಲ್ಲೋ ಮಗು ಅಲ್ಲ ಅಂತ!” ಎಂದು ಕಿರುಚಿದಳು.

ಮರುದಿನ ಮ್ಯಾನೇಜರು ಕರೆಸಿದ. ಮೇಜಿನ ಮೇಲೆ ಅವಳು ಸಹಿ ಹಾಕಿದ ಕಾಗದವಿತ್ತು. ಬಾಗಿಲಲ್ಲಿ ಉದ್ದಕಾಲು ಬುಗುರಿಯ ಚೀಲ ಹಿಡಿದು ನಿಂತಿದ್ದಳು.

“ನಿಂತಿರ್ತೀನಿ ಅಂತ ಬರೆದುಕೊಟ್ಟಿದ್ರಿ ಮೇಡಂ. ನಾನೂ ಮೇಲಿನವರಿಗೆ ಉತ್ತರ ಕೊಡಬೇಕು. ತಪ್ಪಾಯ್ತು ಅಂತ ಒಂದು ಮಾತು ಹೇಳಿಬಿಡಿ, ಇಲ್ಲಿಗೇ ಮುಗಿಸೋಣ.”

ಬುಗುರಿ ಮುಂದಕ್ಕೆ ಬಾಗಿ ಅವನ ಮೇಜನ್ನು ಎರಡು ಸಲ ತಟ್ಟಿದಳು.

ಇನ್ನೆರಡು ಮಾತು ಬರಬೇಕಿತ್ತು. ಬಾಗಿಲಲ್ಲಿದ್ದ ಉದ್ದಕಾಲು ಅಭ್ಯಾಸಬಲದಿಂದ ಅದಕ್ಕಾಗಿ ಕಾದಳು. ಕಟ್ಟಳೆಯ ಗಂಧಗಾಳಿಯಿಲ್ಲದ ಮ್ಯಾನೇಜರೂ ಕಾದ. ಬುಗುರಿ ಎದ್ದು ಬಾಗಿಲಿಗೆ ಹೋಗಿ, ಉದ್ದಕಾಲಿನ ಕೈಯಿಂದ ಚೀಲ ತೆಗೆದು ಹೆಗಲಿಗೆ ಹಾಕಿಕೊಂಡಳು.

“ಶನಿವಾರ ಎರಡನೇ ಪ್ರದರ್ಶನ ಇದೆಯಲ್ಲ,” ಎಂದಳು. “ನನ್ನ ಹೆಸರು ಕುಣಿಯೋರ ಸಾಲಲ್ಲಿ ಹಾಕ್ಸಿ.”

ಆಮೇಲೆ ಡಾಕ್ಟರಮ್ಮ ಹೇಳಿಕೊಟ್ಟಿದ್ದ ಹಾಗೆ, ನೋವಿನ ಕಾಲನ್ನು ಮೊದಲು ಮುಂದಿಟ್ಟು, ಒಂದೊಂದೇ ಮೆಟ್ಟಿಲು ಇಳಿದು ತಾಲೀಮಿಗೆ ಹೋದಳು.